ಕೊಂಡ್ಲಹಳ್ಳಿ ಅಂಗನವಾಡಿಯ ಲೋಹಿತರು ನನಗೆ ಕೊಟ್ಟ ಅನುಭವದ ಕುರಿತು

ಮಾನ್ಯ ಲೋಹಿತರೇ,

ವಯಸ್ಸಿನಲ್ಲಿ ಮೂರೂವರೆ ವರ್ಷದವರೂ, ಅಧಿಕಾರದಲ್ಲಿ ಇಡೀ ಅಂಗನವಾಡಿಗೆ ದೊರೆಗಳೂ, ಒಂದು ಕೈಯಲ್ಲಿ ಜಾರುವ ಚಡ್ಡಿಯನ್ನೂ ಇನ್ನೊಂದರಲ್ಲಿ ಕುರಿ ಕಾಯುವ ಕೋಲನ್ನೂ ಹಿಡಿದು ರಾರಾಜಿಸುವ ತಮಗೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರ ಮಗಳು ಶಿಲ್ಪಾ ತಲೆಬಾಗಿ ಮಾಡಿಕೊಳ್ಳುವ ಅರಿಕೆ. ತಮಗೆ ಓದಲು ಬರುವುದಿಲ್ಲವೆಂದು ಬಲ್ಲೆ. ಆದರೆ ಬಹಿರಂಗ ಪತ್ರವನ್ನು ಬರೆಸಿಕೊಂಡವರು ಓದಿದ ಉದಾಹರಣೆ ನಾನಂತೂ ಕಂಡಿಲ್ಲವಾದ್ದರಿಂದ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ನರ್ಸರಿ ಟೀಚರ್ ತರಬೇತಿ ಮುಗಿಸಿದ ನನಗೆ ನಮ್ಮೂರಿನ ಶಾಲೆಯೊಂದು, ಚಿಕ್ಕ ಮಕ್ಕಳ ಜೊತೆ ಮೂರು ತಿಂಗಳ ಅನುಭವ ತಂದರೆ ದಸರಾ ರಜೆ ಮುಗಿದ ಮೇಲೆ ಕೆಲಸ ಕೊಡುವುದಾಗಿ ಹೇಳಿತು. ತರದಿದ್ದರೆ ಗಂಡು ನೋಡುವುದಾಗಿ ಅಪ್ಪ ಹೇಳಿದರು. ಹೀಗಾಗಿ ನಾನು ಬಸ್ಸು ಹತ್ತಿ ಪಾಪಕ್ಕ ಟೀಚರ ಅಂಗನವಾಡಿಗೆ ಬಂದೆ. ಅಲ್ಲಿ ಅನುಭವದ ವಿತರಣೆ ತಮ್ಮ ಕೈಯಲ್ಲಿದೆಯೆಂದು ಯಾರೂ ತಿಳಿಸಿರಲಿಲ್ಲ.

ಮೊದಲ ದಿನ ತಾವು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಊರೇ ಸೇರುವಂತೆ ಅತ್ತಿರಿ. ಶೇಂಗಾ ಹೊಲದಲ್ಲಿ ಕಳೆ ತೆಗೆಯಲು ಹೋಗಿದ್ದ ತಾಯಿಯವರು ಮತ್ತೆ ಬರುವುದೇ ಇಲ್ಲವೆಂದು ತಮ್ಮ ನಂಬಿಕೆ. ತಮ್ಮ ಕೈಗೆ ಬೆಲ್ಲದ ಚೂರು ಕೊಟ್ಟು, ತಮ್ಮೂರಿನ ಮಾತಿನಲ್ಲೇ, "ಅಳಬ್ಯಾಡ, ಸಂಜಿಗೆ ನಿಮ್ಮವ್ವ ಬರ್ತಾಳೆ" ಎಂದೆ. ತಾವು ಬೆಲ್ಲ ತಿಂದು, ನನ್ನ ಸೀರೆಗೆ ಮೂಗು ಒರೆಸಿ, ಅಳುವನ್ನು ಬಿಟ್ಟಲ್ಲಿಂದ ಮುಂದುವರಿಸಿದಿರಿ. ದಿನವೂ ಇದೇ ಕಥೆಯಾಯಿತು.

ನಾನು ಬರೆದ ಆನೆಯನ್ನು ತಾವು ಎಮ್ಮೆಯೆಂದು ಘೋಷಿಸಿದಿರಿ, ಸಭೆ ಒಪ್ಪಿತು. ಮೊದಲ ತುತ್ತು ಟೀಚರು ತಿನ್ನದ ಹೊರತು ಉಪ್ಪಿಟ್ಟು ಮುಟ್ಟೆನೆಂದಿರಿ, ಉಳಿದವರೂ ಅದೇ ಹಟ ಹಿಡಿದರು. ಒಂದೊಂದು ತಟ್ಟೆಯಿಂದ ಒಂದೊಂದು ತುತ್ತು ತಿಂದು ನಾನು ಎಷ್ಟು ಮೈ ತುಂಬಿಕೊಂಡೆನೆಂದರೆ, ಸೇವೆ ನನಗೆ ಒಗ್ಗಿದೆಯೆಂದು ಅವ್ವ ದ್ರಾಕ್ಷಾಯಣಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಕೊನೆಗೆ ನನ್ನ ಅನುಭವ ಪತ್ರಕ್ಕೆ ಸಹಿ ಹಾಕಬೇಕಾದ ಸೂಪರ್‌ವೈಸರ್ ಮೇಡಂ ಬಂದರು. ಅದೇ ಗಳಿಗೆಗೆ ಬೀದಿಯಲ್ಲಿ ಕುರಿಮಂದೆ ಹೊರಟಿತು, ಅದರ ಹಿಂದೆ ನನ್ನ ತರಗತಿಯೂ ಹೊರಟಿತು. ಚಪ್ಪಾಳೆ ತಟ್ಟಿದೆ, ಹಾಡಿದೆ, ಬೆಲ್ಲ ತೋರಿಸಿದೆ. ಒಬ್ಬರಾದರೂ ತಿರುಗಿ ನೋಡಲಿಲ್ಲ. ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು. ನನ್ನ ಕೆಲಸ ಕುರಿ ಎಬ್ಬಿಸಿದ ಧೂಳಿನಲ್ಲಿ ಹೋಗುತ್ತಿರುವುದನ್ನು ಕಣ್ಣಾರೆ ಕಂಡೆ.

ಆಗ ತಾವು ಕೋಲೆತ್ತಿ, ತಮ್ಮ ತಾತ ಪಾತಣ್ಣನವರು ಕುರಿಗಳನ್ನು ಹಟ್ಟಿಗೆ ತುಂಬುವಾಗ ಹಾಕುವ ಕೂಗು ಹಾಕಿದಿರಿ. ಮಕ್ಕಳೆಲ್ಲ ಒಳಗೆ ಬಂದು ಸಾಲಾಗಿ ಕೂತರು. ನಾನೂ ಕೂತೆ. ನಿಂತೇ ಇದ್ದ ಮೇಡಮ್ಮನವರಿಗೆ ಕೋಲು ತೋರಿಸಿ "ನೀನೂ ಕುತ್ಕ" ಎಂದಿರಿ. ಪುಣ್ಯಾತ್ಗಿತ್ತಿ ಕೂತೇಬಿಟ್ಟರು. ಯಾರು ಕಲಿಸಿದ್ದೆಂದು ಅವರು ಕೇಳಿದಾಗ ಪಾಪಕ್ಕ ರೆಪ್ಪೆ ಬಡಿಯದೆ ನನ್ನನ್ನು ತೋರಿಸಿದರು. ಮಕ್ಕಳನ್ನು ಒಗ್ಗೂಡಿಸುವ ಕಲೆ ನನಗೆ ಸಿದ್ಧಿಸಿದೆಯೆಂಬ ಸರ್ಕಾರಿ ಸಹಿಯ ಪತ್ರ ಈಗ ನನ್ನ ಬಳಿ ಇದೆ.

ನನ್ನ ಮುಖ್ಯ ದೂರು ಕೊನೆಯ ದಿನದ್ದು. ಬ್ಯಾಗು ಹೆಗಲಿಗೇರಿಸಿ ಹೊರಟವಳಿಗೆ, ತಮ್ಮ ಕಾಟ ತಪ್ಪಿತೆಂದು ಕುಣಿಯಬೇಕಾದವಳಿಗೆ, ಅದೇ ಚೌಕಟ್ಟಿನ ಹತ್ತಿರ ಅಳು ಬಂದುಬಿಟ್ಟಿತು. ತಾವು ಸ್ವಲ್ಪ ಹೊತ್ತು ನೋಡಿ, ಚಡ್ಡಿ ಜೇಬಿನಿಂದ ಅರ್ಧ ಕಡಿದ ಬೆಲ್ಲ ತೆಗೆದು ನನ್ನ ಕೈಗಿಟ್ಟು ಹೇಳಿದಿರಿ:

"ಅಳಬ್ಯಾಡ, ಸಂಜಿಗೆ ನಿಮ್ಮವ್ವ ಬರ್ತಾಳೆ."

ಬೆಲ್ಲ ತಿಂದೆ. ಅಳು ನಿಲ್ಲಲಿಲ್ಲ.

ಈಗ ಚಳ್ಳಕೆರೆಯ ಶಾಲೆಯಲ್ಲಿ ಟೈ ಕಟ್ಟಿದ ಮಹನೀಯರು ಗೇಟು ತಬ್ಬಿಕೊಂಡು ಅಳುತ್ತಿದ್ದಾರೆ. ಕುರಿ ತುಂಬುವ ತಮ್ಮ ಆ ಕೂಗು ನನ್ನ ಗಂಟಲಿನಿಂದ ಹೊರಡುವುದಿಲ್ಲ. ಆದ್ದರಿಂದ ತಾವು ಕೋಲಿನ ಸಮೇತ ಮುಖ್ಯೋಪಾಧ್ಯಾಯರ ಹುದ್ದೆಯನ್ನು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಚಡ್ಡಿಗೆ ಹೊಸ ಲಾಡಿ ಶಾಲೆಯ ವತಿಯಿಂದಲೇ.

ತಾವು ಕೂರಿಸಿದಲ್ಲಿ ಕೂತ,
ತಮ್ಮ ವಿಶ್ವಾಸಿ,
ಶಿಲ್ಪಾ

ವಿ.ಸೂ.: ಅಂದು ಸಂಜೆ ನಮ್ಮವ್ವ ಬರಲಿಲ್ಲ, ಬಂದದ್ದು ಚಳ್ಳಕೆರೆ ಬಸ್ಸು. ನಾನು ಹೇಳಿದ ದಿನಗಳಲ್ಲೆಲ್ಲ ನಿಮ್ಮವ್ವ ತಪ್ಪದೆ ಬಂದಿದ್ದಾರೆ. ಈ ವ್ಯತ್ಯಾಸಕ್ಕೆ ತಾವು ಖುದ್ದಾಗಿ ಬಂದು ಸಮಜಾಯಿಷಿ ನೀಡತಕ್ಕದ್ದು.