ಸೇವಂತಿಗೆ ಬಾಣದ ಬಲಮಗ್ಗುಲು

ನನಗೆ ಎಲೆಯಡಿಕೆಯ ಅಭ್ಯಾಸವಿಲ್ಲ, ನಶ್ಯವಿಲ್ಲ, ಇಸ್ಪೀಟಿನ ಎಲೆ ಮುಟ್ಟಿದವನಲ್ಲ. ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ನಮ್ಮ ಮನೆಯವರು ನಾಲ್ಕು ದಿನ ಬೈದು ಐದನೆಯ ದಿನಕ್ಕೆ ಒಗ್ಗಿಹೋಗುತ್ತಿದ್ದರು. ನನಗಿದ್ದದ್ದು ಫೋಟೋ ತೆಗೆಯುವ ಚಟ. ಮಿಕ್ಕ ಚಟಗಳನ್ನು ಒಬ್ಬನೇ ಮೂಲೆಯಲ್ಲಿ ಕೂತು ಸಾಕಿಕೊಳ್ಳಬಹುದು, ಇದಕ್ಕೆ ಎದುರಿಗೊಬ್ಬರು ಅಲುಗಾಡದೆ ನಿಲ್ಲಬೇಕು. ಯಶವಂತಪುರದ ನಮ್ಮ ವಠಾರದಲ್ಲಿ ನಾನು ಡಬ್ಬಿ ಕ್ಯಾಮೆರಾ ಹಿಡಿದು ಹೊರಗೆ ಬಂದರೆ ಹೆಂಗಸರು ಹಪ್ಪಳವನ್ನು ಕಾಗೆಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಬಿಸಿಲಿಗೆ ಮುಖ ಕೊಟ್ಟು ಹತ್ತು ನಿಮಿಷ ನಿಂತಿದ್ದ ನಮ್ಮ ಮಾವನವರು, ಫೋಟೋದಲ್ಲಿ ಕೋಟು ಪಂಚೆ ಎಲ್ಲ ಇದ್ದು ತಮ್ಮ ತಲೆ ಮಾತ್ರ ಇಲ್ಲದ್ದನ್ನು ಕಂಡು ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಹೀಗೆ ಮನುಷ್ಯರೆಲ್ಲ ಕೈಬಿಟ್ಟದ್ದರಿಂದಲೇ ನಾನು ಬಾಣಬಿರುಸಿನ ಕಡೆ ತಿರುಗಿದೆ. ಬಾಣಬಿರುಸು ಮುನಿಸಿಕೊಳ್ಳುವುದಿಲ್ಲ.

ಇದು ಅರವತ್ತನೇ ಇಸವಿಯ ಆಸುಪಾಸಿನ ಮಾತು. ಮತ್ತಿಕೆರೆ ಆಗಿನ್ನೂ ಹಳ್ಳಿ. ಬಲಿಪಾಡ್ಯಮಿಯ ಸಂಜೆ ಅಲ್ಲಿಯ ಪಟೇಲರು ಕೆರೆಯ ಆಚೆ ದಡದಲ್ಲಿ ಬಾಣಬಿರುಸು ಹಾರಿಸುವ ವಾಡಿಕೆ ಇಟ್ಟುಕೊಂಡಿದ್ದರು. ನೋಡುವವರೆಲ್ಲ ಈಚೆ ಏರಿಯ ಮೇಲೆ. ಮೊದಲ ವರ್ಷ ನಾನು ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಾಣ ಎತ್ತ ಹೋದರೆ ಅತ್ತ ತಿರುಗುತ್ತಾ, ಒಡೆದದ್ದು ಕಂಡೊಡನೆ ಕ್ಲಿಕ್ಕಿಸಿದೆ. ಎಂಟಕ್ಕೆ ಎಂಟೂ ಕಪ್ಪು. ರೋಲು ತೊಳೆದುಕೊಟ್ಟ ಸ್ಟುಡಿಯೋ ಶೇಷಾದ್ರಿ, "ಏನ್ಸಾರ್, ಇದ್ದಿಲು ಮೂಟೆ ತೆಗೆದಿದೀರಾ?" ಎಂದು ಕೇಳಿದ. ಆದರೆ ಒಳ್ಳೆಯವನು, ಕೂರಿಸಿಕೊಂಡು ಉಪಾಯ ಹೇಳಿಕೊಟ್ಟ. ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಅಲುಗದಂತೆ ಇಡಬೇಕು. ಮೇಲಿನ ಕಡ್ಡಿ ಎಳೆದರೆ ಅದರ ಕಣ್ಣು ತೆರೆದೇ ಇರುತ್ತದೆ. ಕಣ್ಣಿನ ಮುಂದೆ ಕಪ್ಪು ಟೊಪ್ಪಿ ಹಿಡಿದಿರಬೇಕು. ಬಾಣ ಏರುವಾಗ ಟೊಪ್ಪಿ ಸರಿಸಬೇಕು, ಹೂವು ಪೂರ್ತಿ ಉದುರಿದ ಮೇಲೆ ಮುಚ್ಚಬೇಕು. ನಾನು ಆಫೀಸಿಗೆ ದಿನಾ ಕಪ್ಪು ಟೊಪ್ಪಿ ಹಾಕಿಕೊಂಡು ಹೋಗುವ ಗುಮಾಸ್ತನಾದ್ದರಿಂದ ಅರ್ಧ ಸಾಮಾನು ಮನೆಯಲ್ಲೇ ಇದ್ದ ಹಾಗಾಯಿತು.

ಎರಡನೆಯ ವರ್ಷ ಶೇಷಾದ್ರಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಈ ಸಲ ಚಿತ್ರ ಬಂತು. ಎಂಟರಲ್ಲೂ ನಡುಮಧ್ಯೆ ಮಂಜು ಮಂಜಾದ ಒಂದು ದುಂಡು, ಅದರ ಸುತ್ತ ಏನೋ ಗೀಟು. ದುಂಡನ್ನು ಚಂದ್ರನೆಂದು ತೀರ್ಮಾನಿಸಿ ಆಫೀಸಿನಲ್ಲೆಲ್ಲ ತೋರಿಸಿದೆ. ನಮ್ಮ ಹೆಡ್ ಗುಮಾಸ್ತರು ಪಂಚಾಂಗ ಬಲ್ಲವರು. "ಅಲ್ಲಯ್ಯಾ, ಅಮಾವಾಸ್ಯೆ ಕಳೆದ ಮಾರನೇ ದಿನ ಇಷ್ಟು ದಪ್ಪ ಚಂದ್ರ ಎಲ್ಲಿಂದ ಬಂದ?" ಎಂದರು. ಮನೆಗೆ ಬಂದು ಕ್ಯಾಮೆರಾ ತಿರುಗಿಸಿ ನೋಡಿದರೆ, ಆಯುಧಪೂಜೆಯ ದಿನ ಅಮ್ಮ ಇಟ್ಟ ಗಂಧ ಕುಂಕುಮ ಗಾಜಿನ ಮೇಲೆ ಹಾಗೇ ಒಣಗಿ ಕೂತಿದೆ. "ಅಮ್ಮಾ, ಡಬ್ಬಿ ಮೇಲೆ ಎಲ್ಲಾದ್ರೂ ಇಡಬಾರ್ದಾಗಿತ್ತಾ?" ಎಂದೆ. "ಎಲ್ಲಾದ್ರೂ ಯಾಕಿಡ್ಲೋ? ಅದಕ್ಕೆ ಕಣ್ಣೇ ಮುಖ್ಯ ಅಂತ ನೀನೇ ಹೇಳಿದ್ದೆಯಲ್ಲ," ಎಂದರು ಅಮ್ಮ. ಪೂಜೆ ಮಾಡಿದ ತಾಯಿಯನ್ನು ಬೈಯುವ ಧೈರ್ಯ ನನಗೆ ಇಲ್ಲ.

ಮೂರನೆಯ ವರ್ಷ ಗಾಜು ಒರೆಸಿಕೊಂಡು ಮಧ್ಯಾಹ್ನವೇ ಮತ್ತಿಕೆರೆಗೆ ಹೋದೆ. ಬಾಣ ಕಟ್ಟುವವರು ಯಲಹಂಕದ ಖಾದರ್ ಸಾಬರು. ಆಚೆ ದಡದಲ್ಲಿ ಬಿದಿರು ನೆಡುತ್ತಿದ್ದರು. ಕೂತವರು ಏಳಬೇಕಾದರೆ ನೆಲಕ್ಕೆ ಕೈಯೂರುತ್ತಿದ್ದರು. ಯಾವ ಬಾಣ ಎಷ್ಟು ಎತ್ತರ ಹೋಗುತ್ತದೆ ಎಂದು ನಾನು ವಿಚಾರಿಸಿದೆ. "ಜನ ಹೇಳ್ತಾರೆ ಸ್ವಾಮಿ, ಹುಣಸೆಮರದ ಎರಡರಷ್ಟು ಅಂತ. ನಾನು ನೋಡಿಲ್ಲ," ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. "ಬತ್ತಿಗೆ ಬೆಂಕಿ ಇಟ್ಟು ತಲೆ ತಗ್ಗಿಸಿ ಓಡೋನಿಗೆ ಆಕಾಶ ಎಲ್ಲಿ ಕಾಣುತ್ತೆ? ಓಡಿ ತಿರುಗೋ ಹೊತ್ತಿಗೆ ಹೊಗೆ. ಈಗ ಮೊಣಕಾಲೂ ಹೋಯ್ತು. ಮಗ ಸೈಕಲ್ ಶಾಪ್ ಇಟ್ಟಿದಾನೆ, ಸಾಕು ಬಿಡಿ ಅಬ್ಬಾ ಅಂತಾನೆ. ಈ ವರ್ಷಕ್ಕೆ ಮುಗೀತು," ಎಂದರು. ಜನ್ಮವಿಡೀ ಆಕಾಶಕ್ಕೆ ಹೂ ಮುಡಿಸಿದ ಮನುಷ್ಯ ಒಂದು ಹೂವನ್ನೂ ನೋಡದೆ ಮನೆಗೆ ಹೋಗುವುದೇ? ಯೋಚನೆಯಿಲ್ಲದೆ ಮಾತು ಕೊಟ್ಟುಬಿಟ್ಟೆ. "ಸಾಬ್ರೇ, ನಿಮ್ಮ ಹೂವನ್ನ ನಿಮ್ಮ ಕೈಗೆ ತಂದುಕೊಡ್ತೀನಿ." ಹದಿನಾರು ಚಿತ್ರ ತೆಗೆದು ಹದಿನಾರೂ ಕೆಡಿಸಿದವನ ಮಾತು ಇದು ಎಂದು ಅವರಿಗೆ ಗೊತ್ತಿರಲಿಲ್ಲ. "ಹಾಗಾದ್ರೆ ಕೊನೇಗೆ ಬಿಡೋ ಸೇವಂತಿಗೆ ಬಾಣ ತೆಗೀರಿ ಸ್ವಾಮಿ, ಅದು ನಮ್ಮ ಅಬ್ಬಾ ಕಲಿಸಿದ್ದು," ಎಂದರು.

ಸಂಜೆ ಏರಿಯ ಮೇಲೆ ಸ್ಟೂಲು ಹಾಕಿ ನಿಂತೆ. ಸ್ಟೂಲು ಅಲುಗದಂತೆ ನನ್ನ ಹೆಂಡತಿ ಸರೋಜ ಅದರ ಕಾಲು ಹಿಡಿದು ಕೂತಿದ್ದಳು. ಏಳು ಚಿತ್ರ ಅಭ್ಯಾಸಕ್ಕೆ ಹೋದವು. ಎಂಟನೆಯದು ಸೇವಂತಿಗೆಗೆ. ಬಾಣ ಸುಯ್ಯೆಂದು ಏರಿತು, ಟೊಪ್ಪಿ ಸರಿಸಿದೆ, ಕೈ ತರತರ ನಡುಗಿತು. ಆಕಾಶದ ತುಂಬ ಹೂವು ಬಿರಿದು ಜನ ಹೋ ಎಂದರು. ಮುಚ್ಚಿದೆ.

ನಾಲ್ಕು ದಿನದ ಮೇಲೆ ಶೇಷಾದ್ರಿ ಅಂಗಡಿಯ ಬಾಗಿಲಿಗೇ ಬಂದು, "ಸಾರ್, ಹೊಡೆದ್ಬಿಟ್ರಿ," ಎಂದ. ನಿಜಕ್ಕೂ ಹೊಡೆದಿದ್ದೆ. ಕಪ್ಪು ಆಕಾಶದಲ್ಲಿ ಎಳೆಎಳೆಯಾಗಿ ಬೆಳ್ಳನೆಯ ಸೇವಂತಿಗೆ, ಕೆಳಗೆ ಕೆರೆಯ ನೀರಿನಲ್ಲಿ ಅದರ ನೆರಳು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ದೊಡ್ಡದು ಮಾಡಿಸಿ, ಬಸ್ಸು ಹತ್ತಿ ಯಲಹಂಕಕ್ಕೆ ಹೋಗಿ ಸಾಬರ ಕೈಯಲ್ಲಿಟ್ಟೆ. ಅವರು ಕೈಯನ್ನು ಲುಂಗಿಗೆ ಒರೆಸಿಕೊಂಡು ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು, ಸುಳ್ಳೇಕೆ, ನನ್ನದೂ ತುಂಬಿತ್ತು. ಆಮೇಲೆ ಬೆರಳಿಟ್ಟು, "ಇಲ್ಲಿ ಎಸಳು ಬಿದ್ದಿಲ್ಲ," ಎಂದರು. ನೋಡಿದರೆ ಹೌದು, ಬಲಮಗ್ಗುಲಲ್ಲಿ ಒಂದಿಷ್ಟು ಜಾಗ ಖಾಲಿ. "ಮದ್ದು ಈ ಕಡೆ ಸಡಿಲ ತುಂಬಿದೀನಿ. ಇಷ್ಟು ವರ್ಷ ಕುಂಟು ಹೂವು ಬಿಟ್ಟಿದೀನಿ, ಯಾರೂ ಹೇಳಲಿಲ್ವಲ್ಲ ಸ್ವಾಮಿ," ಎಂದರು. ನಾನು ಬಸ್ಸು ಹತ್ತಿ ಮನೆಗೆ ಬಂದೆ.

ಸರೋಜ ನನ್ನ ಪ್ರತಿಯನ್ನು ದೀಪದ ಹತ್ತಿರ ಹಿಡಿದು ನೋಡಿದಳು. "ಏನ್ರೀ, ಇದು ಮದ್ದಿನ ತಪ್ಪಾ? ನಿಮ್ಮ ಟೊಪ್ಪಿ ಅಂಚು ಅಲ್ವಾ ಇದು? ಕೈ ನಡುಗ್ತಿತ್ತಲ್ಲ, ಪೂರ್ತಿ ಸರಿಸಿಲ್ಲ ನೀವು," ಎಂದಳು. ಖಾಲಿ ಜಾಗದ ಅಂಚು ಟೊಪ್ಪಿಯ ಬಾಯಿಯಷ್ಟೇ ದುಂಡಗಿತ್ತು.

ಮುಂದಿನ ಭಾನುವಾರ ತಪ್ಪೊಪ್ಪಿಕೊಳ್ಳಲೆಂದೇ ಯಲಹಂಕಕ್ಕೆ ಹೋದೆ. ಜಗಲಿಯ ಮೇಲೆ ಸಾಬರು ಇದ್ದಿಲು ಜರಡಿ ಹಿಡಿಯುತ್ತಾ ಮಗನಿಗೆ ಜೋರು ಮಾಡುತ್ತಿದ್ದರು. ಮಗ ನನ್ನನ್ನು ಕಂಡು, "ನೀವೇನಾ ಸಾರ್ ಫೋಟೋದವ್ರು? ಬಿಡ್ತೀನಿ ಅಂದಿದ್ದ ಅಬ್ಬಾ ಈಗ ಬಿಡೋದೇ ಇಲ್ಲ ಅಂತಾರೆ. ಮುಂದಿನ ವರ್ಷ ಮದ್ದು ಅವರದು, ಬೆಂಕಿ ಇಡೋದು ನಾನಂತೆ," ಎಂದು ನಗುತ್ತಾ ಹೇಳಿದ. ಸಾಬರ ಮುಖದಲ್ಲಿ ಮದುವಣಿಗನ ಕಳೆ ಇತ್ತು. ಒಪ್ಪಿಕೊಂಡರೆ ಆ ಕಳೆ ಹೋಗುತ್ತದೆ. ಅವರು ಕೊಟ್ಟ ಚಹಾ ಕುಡಿದು ಬಾಯಿ ಮುಚ್ಚಿಕೊಂಡು ಬಂದೆ.

ಮರುವರ್ಷ ಬೆಂಕಿ ಇಡಲು ಮಗ ಆಚೆ ದಡಕ್ಕೆ ಹೋದ. ಸಾಬರು ಏರಿಯ ಮೇಲೆ ನನ್ನ ಸ್ಟೂಲಿನ ಪಕ್ಕ ನಿಂತು ಮೊದಲ ಸಲ ತಲೆಯೆತ್ತಿ ತಮ್ಮ ಸೇವಂತಿಗೆಯನ್ನು ಕಂಡರು. ಹೂವು ನಾಲ್ಕು ಮಗ್ಗುಲಿಗೂ ತುಂಬಿಕೊಂಡು ಬಿರಿಯಿತು. "ನೋಡಿದ್ರಾ, ಬಲಗಡೆ ಸರಿ ಮಾಡಿದೆ," ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆಮೇಲೆ ಪಟೇಲರಿಗೆ ಕೇಳುವಂತೆ, "ಈ ಸ್ವಾಮಿಯವರ ಫೋಟೋ ಇಲ್ದಿದ್ರೆ ನನ್ನ ತಪ್ಪು ನನಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದರು. ನಾನು ತಲೆ ತಗ್ಗಿಸಿದೆ. "ಇಷ್ಟು ಕೆಲಸ ಬಲ್ಲವರು, ಒಂದು ಚೂರು ಜಂಬ ಇಲ್ಲ ನೋಡಿ," ಎಂದು ಪಟೇಲರು ಸುತ್ತಲಿನವರಿಗೆ ಹೇಳಿದರು. ಸ್ಟೂಲಿನ ಕಾಲು ಹಿಡಿದು ಕೂತಿದ್ದ ಸರೋಜ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಕೆರೆಯ ಕಡೆ ಮುಖ ತಿರುಗಿಸಿದಳು.