ಡ್ರಮ್‌ಕಾರಾದ ಬಿಳಿ ಜೆರ್ಸಿಗಳನ್ನು ನಾನು ಒಗೆದದ್ದು

ನಮ್ಮ ಡ್ರಮ್‌ಕಾರಾ ತಂಡದ ಬಿಳಿ ಜೆರ್ಸಿಗಳ ಮೇಲೆ ಒಂದೇ ಒಂದು ಹುಲ್ಲಿನ ಕಲೆ ಉಳಿದರೂ ನನ್ನ ಹೆಸರು ಫಿಂಟನ್ ಅಲ್ಲ ಎಂದು ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಸಾರಿಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ! ಭಾನುವಾರ ಹರ್ಲಿಂಗ್ ಫೈನಲ್. ಎದುರಾಳಿ ಪಕ್ಕದ ಊರು ಕಿಲ್ಲಶೇನ್. ನಮ್ಮೆರಡು ಊರುಗಳ ನಡುವೆ ಇರುವುದು ಒಂದು ಹಳ್ಳ, ಒಂದು ಸೇತುವೆ ಮತ್ತು ಅಜ್ಜಂದಿರ ಕಾಲದ ಹಗೆ. ಕೋಲು ಹಿಡಿದು ಚೆಂಡಿನ ಹಿಂದೆ ಓಡುವ ನಮ್ಮ ಹುಡುಗರು ಸೆಮಿಫೈನಲ್ಲಿನಲ್ಲಿ ನಿಂತು ಆಡಿದ್ದಕ್ಕಿಂತ ಬಿದ್ದು ಹೊರಳಾಡಿದ್ದೇ ಹೆಚ್ಚು. ಆ ದಪ್ಪ ನೈಲಾನ್ ಬಟ್ಟೆಗೆ ಅರ್ಧ ಮೈದಾನವೇ ಅಂಟಿಕೊಂಡಿತ್ತು.

ಫೈನಲ್‌ಗೆ ಮುಂಚೆ ಇಡೀ ತಂಡದ ಜೆರ್ಸಿಗಳನ್ನು ಒಂದು ಮನೆಗೆ ಒಗೆಯಲು ಕೊಡುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಆ ಮರ್ಯಾದೆ ನಮ್ಮ ಮನೆಯ ಬಾಗಿಲಿಗೆ ಈವರೆಗೆ ಬಂದಿರಲಿಲ್ಲ. ಕಾರಣ ನನ್ನ ಹೆಂಡತಿ ಡೆರ್ವ್ಲಾ. ಬಂಗಾರದಂಥ ಹೆಂಗಸು, ಆದರೆ ತವರು ಕಿಲ್ಲಶೇನ್. ಮದುವೆಯಾದಾಗಿನಿಂದ ಊರಿನವರು ನನ್ನನ್ನು ಅರ್ಧ ಶತ್ರು ಎಂದೇ ನೋಡುತ್ತಿದ್ದರು. ನಾನು ಪೂರ್ತಿ ಡ್ರಮ್‌ಕಾರಾದವನು ಎಂದು ಈ ಒಗೆತದಿಂದ ಸಾಬೀತಾಗಬೇಕಿತ್ತು.

ಶುಕ್ರವಾರ ಮಧ್ಯಾಹ್ನ ತರಬೇತುದಾರ ಮ್ಯಾಲಕಿ ಜೆರ್ಸಿ ಚೀಲ ಹೊತ್ತು ಬರುವುದು ಕಿಟಕಿಯಲ್ಲಿ ಕಂಡಿತು. ಗೇಟಿನತ್ತ ಕಣ್ಣು ಹೋಯಿತು. ಫೈನಲ್ ವಾರ ಎಂದರೆ ಎಲ್ಲರ ಗೇಟಿನ ಮೇಲೂ ಬಾವುಟ. ನನ್ನ ಬಿಳಿ ಬಾವುಟದ ಪಕ್ಕದಲ್ಲೇ ಡೆರ್ವ್ಲಾ ತನ್ನ ತವರಿನ ಕಡು ಹಸಿರು ಬಾವುಟ ಕಟ್ಟಿದ್ದಳು! ಓಡಿಹೋಗಿ ಕಿತ್ತೆ. ಅಷ್ಟರಲ್ಲಿ ಮ್ಯಾಲಕಿ ಎದುರಿಗೇ ಬಂದ. ಬಾವುಟವನ್ನು ಬೆನ್ನ ಹಿಂದೆ ಹಿಡಿದು ನಿಂತೆ. ಅವನು ಚೀಲ ಕೆಳಗಿಟ್ಟು ಬೂಟಿನ ಕೆಸರು ಒರೆಸುವಾಗ ಅದನ್ನು ಆ ಚೀಲದೊಳಗೇ ತುರುಕಿದೆ.

"ಊರಿನ ಮಾನ ನಿನ್ನ ಕೈಲಿದೆ ಕಣಯ್ಯಾ" ಅಂದ ಮ್ಯಾಲಕಿ. ಮಾನ ಕೊಟ್ಟವನು ಚಹಾ ಕುಡಿಯುತ್ತಾ ಎಷ್ಟು ಹೊತ್ತು ಕೂತನೆಂದರೆ, ಬಾವುಟದ ವಿಷಯ ನನಗೆ ಮರೆತೇಹೋಯಿತು.

ಅವನು ಹೋದ ಮೇಲೆ ಡೆರ್ವ್ಲಾ ಹೇಳಿದಳು: "ತಣ್ಣೀರಿಗೆ ವಿನೆಗರ್ ಹಾಕಿ ನೆನೆಸಿಡು. ಆಮೇಲೆ ಒಂದೊಂದೇ ತೆಗೆದು ಮೆತ್ತಗೆ ಉಜ್ಜು. ಬಿಸಿನೀರು ಮಾತ್ರ ಬೇಡ ಮಾರಾಯ, ಕಲೆ ಕಚ್ಚಿಕೊಂಡುಬಿಡುತ್ತೆ."

ಫೈನಲ್ ಹೊತ್ತಿನಲ್ಲಿ ಕಿಲ್ಲಶೇನ್ ಕಡೆಯಿಂದ ಉಪದೇಶ! ಇದರಲ್ಲಿ ಏನೋ ಮಸಲತ್ತಿದೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಚೀಲವನ್ನು ಹಾಗೆಯೇ ಮಷಿನ್ನಿಗೆ ಸುರಿದು, ಸೋಡಾಪುಡಿ ಧಾರಾಳವಾಗಿ ಹಾಕಿ, ಶಾಖದ ಗುಂಡಿಯನ್ನು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೂ ತಿರುಗಿಸಿದೆ.

ಮಷಿನ್ ನಿಂತಿತು. ಬಾಗಿಲು ತೆರೆದೆ. ನನ್ನ ಶಪಥ ಈಡೇರಿತ್ತು. ಯಾವ ಜೆರ್ಸಿಯ ಮೇಲೂ ಕಲೆ ಕಾಣಿಸಲಿಲ್ಲ. ಜೆರ್ಸಿಗಳೇ ಹಸಿರಾಗಿದ್ದವು! ಕೊನೆಯಲ್ಲಿ, ಬಣ್ಣವನ್ನೆಲ್ಲ ದಾನ ಮಾಡಿ ಬಿಳಿಚಿಕೊಂಡ ಆ ಬಾವುಟ ಹೊರಬಂತು.

ಶನಿವಾರವಿಡೀ ನಿಂಬೆರಸ, ವಿನೆಗರ್, ಬ್ಲೀಚ್, ಪ್ರಾರ್ಥನೆ ಎಲ್ಲವೂ ಆಯಿತು. ಹಸಿರು ಇನ್ನಷ್ಟು ಖುಷಿಯಾಗಿ ಕೂತುಕೊಂಡಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ನಿಜವಾಗಿ ಅತ್ತುಬಿಟ್ಟೆ. ಊರು ಬಿಟ್ಟು ಓಡಿಹೋಗುವ ಯೋಚನೆಯೂ ಬಂತು. ಆದರೆ ಹೋಗಲು ಇದ್ದದ್ದು ಕಿಲ್ಲಶೇನ್‌ನ ಮಾವನ ಮನೆಯೊಂದೇ.

ಭಾನುವಾರ ಮೈದಾನದ ಕೋಣೆಯಲ್ಲಿ ಮ್ಯಾಲಕಿ ಚೀಲ ಬಿಚ್ಚಿದ. ಬಿಳಿಯದು ಒಂದಾದರೂ ಸಿಕ್ಕೀತೇ ಎಂದು ತಳದವರೆಗೂ ತಡಕಾಡಿದ. ಎರಡೂ ತಂಡ ಹಸಿರಾದರೆ ಆಟವೇ ಇಲ್ಲ ಎಂದು ರೆಫರಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ನಮ್ಮ ಬಡ ಕ್ಲಬ್ಬಿಗೆ ಇನ್ನೊಂದು ಜೊತೆ ಜೆರ್ಸಿ ಎಲ್ಲಿಂದ ಬರಬೇಕು? ಆಗ ಡೆರ್ವ್ಲಾ ಎದುರಾಳಿಗಳ ಕೋಣೆಗೆ ಹೋಗಿ, ಅವರ ತಂಡ ನಡೆಸುವ ತನ್ನ ಅಣ್ಣನನ್ನು ಕಾಡಿ ಬೇಡಿ, ಅವರ ಎರಡನೆಯ ಜೊತೆಯನ್ನು ತಂದಳು. ಮಲ್ಲಿಗೆಯಷ್ಟು ಬಿಳಿ. ಎದೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ 'ಕಿಲ್ಲಶೇನ್'.

ನಮ್ಮ ಹುಡುಗರು ಅದನ್ನು ಹಲ್ಲು ಕಚ್ಚಿಕೊಂಡು ತೊಟ್ಟರು. ಆ ಅವಮಾನದ ಸಿಟ್ಟಿಗೆ ಮೈಮೇಲೆ ದೆವ್ವ ಬಂದವರಂತೆ ಆಡಿದರು, ಒಂದೇ ಅಂಕದಿಂದ ಗೆದ್ದೂಬಿಟ್ಟರು! ನಾನು ಬೇಲಿ ಹಾರಿ ಓಡಿದೆ, ಸಿಕ್ಕಸಿಕ್ಕವರನ್ನು ತಬ್ಬಿಕೊಂಡೆ. ಅಷ್ಟರಲ್ಲಿ ಫೋಟೋದವನು ಬಂದ.

ಕ್ಲಬ್ಬಿನ ಗೋಡೆಯ ಮೇಲೆ ಎಂದೆಂದಿಗೂ ತೂಗುವ ಫೋಟೋ ಅದು. ಗೆದ್ದ ಟ್ರೋಫಿ ನಮ್ಮದು, ಎದೆಯ ಮೇಲಿನ ಹೆಸರೆಲ್ಲ ಶತ್ರುವಿನದು. ಮ್ಯಾಲಕಿ ನನ್ನನ್ನು ಕರೆದ. ಆಮೇಲೆ ಚೀಲದಿಂದ ನಾನೊಗೆದ ಜೆರ್ಸಿಯೊಂದನ್ನು ಎಳೆದು ನನ್ನ ತಲೆಯ ಮೇಲಿಂದ ಇಳಿಸಿ, ನನ್ನನ್ನು ನಟ್ಟನಡುವೆ ಕೂರಿಸಿದ. "ನಮ್ಮೂರ ಹೆಸರು ಫೋಟೋದಲ್ಲಿ ಎಲ್ಲಾದರೂ ಒಂದು ಕಡೆ ಇರಬೇಕಲ್ಲ, ಕೂತ್ಕೋ" ಅಂದ.

ಫೋಟೋ ಗೋಡೆ ಏರಿದ ದಿನ ಡೆರ್ವ್ಲಾ ನನ್ನನ್ನು ಅದರೆದುರಿಗೆ ಎಳೆದು ನಿಲ್ಲಿಸಿದಳು.

"ಇನ್ನೇನಪ್ಪ ಬೇಕು ನಿನಗೆ? ಇಷ್ಟು ಜನರಲ್ಲಿ ಎದೆ ಮೇಲೆ ಡ್ರಮ್‌ಕಾರಾ ಅಂತ ಇರೋದು ನಿನ್ನೊಬ್ಬನಿಗೇ" ಅಂದಳು. "ಹಾಗೇ ಮೈತುಂಬ ನಮ್ಮೂರಿನ ಬಣ್ಣ ಇರೋದೂ ನಿನ್ನೊಬ್ಬನಿಗೇ."