ಹಸ್ತಕ್ಷೇಪ: ಇಲ್ಲ

ಎಲ್ಲ ರಗಳೆಗೂ ಕಾರಣ ನಮೂನೆಯ ಒಂದೇ ಒಂದು ಸಾಲು: ‘ಮಾನವ ಹಸ್ತಕ್ಷೇಪ’. ಜೀವಿಗಳ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಅಲ್ಲಿ ಜಂಬದಿಂದ ‘ಇಲ್ಲ’ ಎಂದು ಬರೆದುಬಿಟ್ಟ.

ಬರೆಯದೆ ಏನು ಮಾಡಿಯಾನು? ಸುತ್ತಲೂ ಸಿಮೆಂಟು, ನಡುವೆ ಈ ಖಾಲಿ ನಿವೇಶನ. ಅದರ ಮೂಲೆಯಲ್ಲಿ ಮಾತ್ರ ಜೊಂಡುಹುಲ್ಲು, ಕಪ್ಪೆ, ಏರೋಪ್ಲೇನ್ ಚಿಟ್ಟೆ, ಬಾಲ ಕುಣಿಸುವ ಹಕ್ಕಿ ಎಲ್ಲ ಸೇರಿ ಹನ್ನೊಂದು ಬಗೆ! ಇಲ್ಲೇ ಯಾಕೆ ಎಂಬ ಕುತೂಹಲ ಅವನಿಗೂ ಇತ್ತು. ಆದರೆ ನಾಲ್ಕು ಗಂಟೆಗೆ ಸಾಹೇಬರು ಬಂದು ಒಪ್ಪಿದರೆ ನೌಕರಿ ಕಾಯಂ. ಕುತೂಹಲ ಆಮೇಲೆ ನೋಡಿಕೊಂಡರಾಯಿತು.

“ಏನಪ್ಪಾ, ಉಂಗುರ ಕಳ್ಕೊಂಡ್ಯಾ?” ಗೋಡೆಯಾಚೆಯಿಂದ ಟೈಲರ್ ಅಕ್ಕ ಇಣುಕಿದಳು.

“ಕಪ್ಪೆ ಎಣಿಸ್ತಿದೀನಿ ಅಕ್ಕಾ.”

“ಅಯ್ಯೋ, ಓದಿರೋ ಹುಡುಗ!”

ಸುದ್ದಿ ಕೇಳಿ ನಿವೃತ್ತ ಮೇಷ್ಟ್ರು ಕುರ್ಚಿ ಸಮೇತ ಬಂದರು. ಯಾರೂ ಒಳಗೆ ಬರಬಾರದೆಂದು ಗುಮಾಸ್ತ ಹಗ್ಗ ಕಟ್ಟಿದ. ನೋಡಿದರೆ ಮೇಷ್ಟ್ರು ಹಗ್ಗದ ಒಳಗೇ ಕೂತಿದ್ದರು. ಅವರನ್ನು ಎಬ್ಬಿಸುವಾಗ ಗೋಡೆಯ ತೂತಿನ ಕೊಳವೆ ಕಣ್ಣಿಗೆ ಬಿತ್ತು. ಅಕ್ಕ ಸೊಪ್ಪು ತೊಳೆದ ನೀರು ಅದರಿಂದ ಆ ಮೂಲೆಗೆ ಜಿನುಗುತ್ತಿತ್ತು. ಗುಮಾಸ್ತ ಗೋಡೆಯತ್ತ ಓಡಿದ.

“ಅಕ್ಕಾ, ನೀರು ನಿಲ್ಸಿ! ಇದು ಹಸ್ತಕ್ಷೇಪ!”

“ಆರು ವರ್ಷದಿಂದ ಹರೀತಿದೆ. ಯಾರ ಗಂಟು ಹೋಯ್ತು?”

“ನನ್ನ ನೌಕರಿ ಹೋಗುತ್ತೆ!” ಎಂದು ಅವನು ಕರವಸ್ತ್ರವನ್ನೇ ಕೊಳವೆಗೆ ತುರುಕಿದ.

“ಸರಿಯಪ್ಪಾ, ಈ ನೀರಿಗೆ ನಮ್ಮನೆ ಅಂಗಳದಲ್ಲೇ ಗುಂಡಿ ತೋಡ್ಕೋತೀನಿ,” ಎಂದು ಅಕ್ಕ ಮುಖ ತಿರುಗಿಸಿದಳು.

ಅಂದು ಬಿಸಿಲು ಕೆಂಡದಂತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಮೂಲೆ ಒಣಗಿ ಜೊಂಡು ಜೋತುಬಿದ್ದಿತ್ತು. ಸಾಹೇಬರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

“ಹುಲ್ಲು ಬಿಟ್ರೆ ಒಂದು ಕಾಗೆ, ಒಬ್ರು ಮೇಷ್ಟ್ರು. ಉಳಿದಿದ್ದೆಲ್ಲಿ?”

ಆಗ ಗೋಡೆಯಾಚೆಯಿಂದ ‘ವಟರ್’ ಎಂದು ಕೇಳಿಸಿತು. ಸಾಹೇಬರು ಇಣುಕಿದರು. ಅಕ್ಕನ ಹೊಸ ಗುಂಡಿಯಲ್ಲಿ ಕಪ್ಪೆ, ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆ, ದಂಡೆಯಲ್ಲಿ ಬಾಲ ಕುಣಿಸುವ ಹಕ್ಕಿ! ಅವರು ಮಕ್ಕಳಂತೆ ಹಿಗ್ಗಿದರು.

“ಇದನ್ನ ನೋಡ್ಕೊಳ್ಳೋರು ಯಾರಮ್ಮಾ?”

“ನಾನೇ ಸಾರ್. ತೊಳೆದ ನೀರು ಸುರೀತೀನಿ, ಅಷ್ಟೇ.”

ಸಾಹೇಬರು ನಮೂನೆಯ ‘ಇಲ್ಲ’ದ ಮೇಲೆ ಬೆರಳಿಟ್ಟು ಗುಮಾಸ್ತನತ್ತ ತಿರುಗಿದರು. “ಮನುಷ್ಯರು ಏನ್ ಮಾಡಿದ್ರೆ ಯಾವ ಜೀವ ಬರುತ್ತೆ, ಯಾವುದು ಹೋಗುತ್ತೆ ಅಂತ ತಿಳಿಯೋಕೇ ಅಲ್ವೇನ್ರೀ ಆ ಸಾಲು ಇರೋದು! ಕಾಯಂ ಮಾಡೋದು ಆಮೇಲೆ, ಇನ್ನಾರು ತಿಂಗಳು ಇವರ ಕೈಕೆಳಗೆ ಕಲೀರಿ.”

ಗುಮಾಸ್ತ ‘ಇಲ್ಲ’ ಎಂಬುದನ್ನು ಹೊಡೆದುಹಾಕುತ್ತಿದ್ದಾಗ ಒದ್ದೆ ಕರವಸ್ತ್ರ ಗೋಡೆ ದಾಟಿ ಬಂದು ಅವನ ಹೆಗಲ ಮೇಲೆ ಬಿತ್ತು.

“ನಾಳೆ ಬೇಗ ಬಾಪ್ಪಾ,” ಎಂದಳು ಅಕ್ಕ. “ಸೊಪ್ಪು ತೊಳೆಯೋ ಕೆಲಸ ಇನ್ಮೇಲೆ ನಿಂದು.”